ಒಂದನೇ ಕ್ಲಾಸಿನ ಹೊಂಗೆ ನೆರಳು

ನಮ್ಮೂರಲ್ಲಿ ಮರ ಕಡಿದರೂ ನೆರಳು ಹೋಗುವುದಿಲ್ಲ. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ, ನಂಬಿ ಅಂತ ನಾನೂ ಯಾರ ಕಾಲಿಗೂ ಬೀಳುವುದಿಲ್ಲ. ಬೇಕಾದವರು ಬಂದು ನೋಡಿಕೊಳ್ಳಲಿ. ಬಸ್‌ಸ್ಟ್ಯಾಂಡಿನ ಎದುರಿನ ಆಲದ ಮರ ಹೋಗಿ ಯಾವ ಕಾಲವಾಯಿತೋ, ತರಕಾರಿಯವರು ಇವತ್ತಿಗೂ ಅದರ ನೆರಳಲ್ಲೇ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಹೊತ್ತು ಸರಿದಂತೆ ನೆರಳು ಸರಿಯುತ್ತದೆ, ನೆರಳು ಸರಿದಂತೆ ಬುಟ್ಟಿಗಳೂ ಸರಿಯುತ್ತವೆ. ಅಣ್ಣತಮ್ಮಂದಿರು ಬೇರೆಯಾಗುವಾಗ ನಮ್ಮಲ್ಲಿ ನೆರಳೂ ಪಾಲಾಗುತ್ತದೆ. ಬೆಳಗಿನದು ಅಣ್ಣನಿಗೆ, ಸಂಜೆಯದು ತಮ್ಮನಿಗೆ. ಮಧ್ಯಾಹ್ನದ್ದಕ್ಕೆ ಮಾತ್ರ ಪಂಚಾಯಿತಿ ಸೇರಿಸಬೇಕು.

ಹೀಗಿರುವಾಗ ಮರ ಇಟ್ಟುಕೊಂಡು ಏನು ಮಾಡುವುದು? ಎಲೆ ಗುಡಿಸಬೇಕು, ಹಕ್ಕಿಯ ಹಿಕ್ಕೆ ತೊಳೆಯಬೇಕು, ಬೇರು ಪಾಯಕ್ಕೆ ನುಗ್ಗುತ್ತದೆ. ಕಡಿದರೆ ಸೌದೆಯೋ ಹಲಗೆಯೋ ಸಿಗುತ್ತದೆ, ನೆರಳಂತೂ ಎಲ್ಲೂ ಹೋಗುವುದಿಲ್ಲ. ನಮ್ಮ ಹಿರಿಯರು ಹೀಗೆ ಯೋಚಿಸಿ ಒಂದೊಂದಾಗಿ ಎಲ್ಲವನ್ನೂ ಕಡಿದರು. ಮತ್ತೆ ನೆಡಲು ಯಾರೂ ಹೋಗಲಿಲ್ಲ, ಏಕೆಂದರೆ ಹಳೆ ನೆರಳು ಬಿದ್ದಿರುವ ಕಡೆ ಹೊಸ ಸಸಿ ಹಿಡಿಯುವುದಿಲ್ಲ. ಮೊದಲು ಹಳೆಯದನ್ನು ಕಳಿಸಿಕೊಡಬೇಕು. ಮರ ನೆಟ್ಟವರ ಮನೆಯವರೇ ಬಂದು ಅದರ ಬುಡಕ್ಕೆ ಒಂದು ಚೊಂಬು ನೀರು ಹೊಯ್ದು ‘ಹೋಗಿ ಬಾ’ ಅನ್ನಬೇಕು. ಹಾಗಂದರೂ ಅದು ಬರುವುದಿಲ್ಲ. ಹೋದದ್ದು ಹೋಯಿತು. ಅಂಥ ದಡ್ಡತನ ಯಾರು ಮಾಡುತ್ತಾರೆ?

ಶಾಲೆಯ ನೆರಳು ನನ್ನದು. ನನ್ನ ಹೆಸರು ಸಾಕಮ್ಮ. ಎರಡು ಹೆಣ್ಣಿನ ಮೇಲೆ ಮೂರನೆಯದೂ ಹೆಣ್ಣಾದಾಗ ಇನ್ನು ಸಾಕು ಅಂತ ಇಟ್ಟ ಹೆಸರು, ನನಗೇನೂ ಬೇಜಾರಿಲ್ಲ. ಅಪ್ಪ ದೊಡ್ಡೀರಯ್ಯ ಈ ಶಾಲೆಯ ಜವಾನ. ಆಗ ಇದು ಹೆಂಚಿನ ಶಾಲೆ. ಅಂಗಳದಲ್ಲಿ ಒಂದು ಹೊಂಗೆ ಸಸಿ ನೆಟ್ಟು, ಮಕ್ಕಳು ಸ್ಲೇಟು ತೊಳೆದ ನೀರನ್ನೆಲ್ಲ ಅದಕ್ಕೇ ಬಿಟ್ಟು ಬೆಳೆಸಿದ್ದ. ಮಕ್ಕಳು ಹೆಚ್ಚಾಗಿ ಸಿಮೆಂಟಿನ ಕಟ್ಟಡ ಬಂತು. ನೆರಳಿರುವ ಕಡೆ ಕಟ್ಟಿದರೆ ತಂಪಾಗಿರುತ್ತದೆ ಎಂದು ಮರ ಕಡಿದು, ಅದರ ಬುಡದ ಮೇಲೇ ಒಂದನೇ ಕ್ಲಾಸು ಕಟ್ಟಿ, ಸುತ್ತ ಉಳಿದ ಕ್ಲಾಸುಗಳನ್ನು ಕಟ್ಟಿದರು. ಹಲಗೆಯಲ್ಲಿ ಬೆಂಚು ಮಾಡಿಸಿದರು. ಹೊಂಗೆ ಬೆಂಚಾಗುವ ಜಾತಿಯಲ್ಲ ಎಂದು ಅಪ್ಪ ಬಡಕೊಂಡರೂ ಕೇಳಲಿಲ್ಲ. ಹುಳ ಹಿಡಿದು ಸ್ವಲ್ಪ ದಿನಕ್ಕೇ ಪುಡಿಯಾಯಿತು. ಅಪ್ಪ ಸತ್ತ ಮೇಲೆ ಅಕ್ಕಂದಿರಿಗೆ ಮನೆ ಹೋಯಿತು, ನನಗೆ ನೆರಳು ಬಂತು. ಅಷ್ಟರಲ್ಲಿ ನಾನು ಅದೇ ಒಂದನೇ ಕ್ಲಾಸಿನ ಟೀಚರಾಗಿದ್ದೆ. ಮರದ ಬುಡ ಇದ್ದದ್ದು ಸರಿಯಾಗಿ ನನ್ನ ಕುರ್ಚಿಯ ಕೆಳಗೆ. ಅಪ್ಪನದು ಅಂತ ನನ್ನ ಹತ್ತಿರ ಇದ್ದದ್ದು ಅದೊಂದೇ, ಒಂದು ಫೋಟೋ ಕೂಡ ಇಲ್ಲ. ಆ ನೆರಳಲ್ಲಿ ಕೂತರೆ ಅಪ್ಪ ಬಾಗಿಲ ಹೊರಗೆ ಬೆಲ್ ಹೊಡೆಯಲು ನಿಂತಿದ್ದಾನೆ ಅನ್ನಿಸುತ್ತಿತ್ತು.

ನೆರಳಿಗೆ ಸೂರೂ ಗೋಡೆಯೂ ಲೆಕ್ಕವಿಲ್ಲ. ಒಳಗೆ ಟ್ಯೂಬ್‌ಲೈಟ್ ಹಾಕಿದರೂ ನೆಲದ ಮೇಲೆ ಎಲೆ ಎಲೆಯಾಗಿ ಬಿದ್ದಿರುತ್ತಿತ್ತು. ಮರ ಉರುಳಿದ ದಿನ ಮೇಲಿನ ಕವಲಲ್ಲಿ ಒಂದು ಕಾಗೆ ಗೂಡಿತ್ತು, ನೆರಳಲ್ಲಿ ಅದೂ ಹಾಗೇ ಉಳಿದಿತ್ತು. ಬಿಸಿಯೂಟದ ಹೊತ್ತಿಗೆ ಸರಿಯಾಗಿ ಅದು ನಡುಸಾಲಿಗೆ ಬರುತ್ತಿತ್ತು. ಆ ಜಾಗಕ್ಕೆ ಮಕ್ಕಳಲ್ಲಿ ಹೊಡೆದಾಟ. ಅದಕ್ಕೇ ವಾರಕ್ಕೊಬ್ಬರು ಅಂತ ಸರತಿ ಮಾಡಿದ್ದೆ. ಗೂಡಲ್ಲಿ ಕೂತ ಮಗು ಕೇಳುವುದು ಒಂದೇ ಪ್ರಶ್ನೆ: “ಮರಿ ಯಾವಾಗ ಬರುತ್ತೆ ಮಿಸ್?” ನಾನು ಕೊಡುವ ಉತ್ತರವೂ ಒಂದೇ: “ನಾಳೆ.” ಮಕ್ಕಳು ದೊಡ್ಡವರಾದರು, ಅವರ ಮಕ್ಕಳು ಬಂದರು, ಉತ್ತರ ಬದಲಾಗಲಿಲ್ಲ. ಕೊಟ್ಟ ಮಾತು ನಡೆಸದವನನ್ನು ಕಂಡರೆ ನಮ್ಮೂರವರು ‘ಅವನ ಮಾತು ಸಾಕಮ್ಮನ ಗೂಡಿನ ಮರಿ’ ಅನ್ನುವಷ್ಟಾಯಿತು. ಅನ್ನಲಿ ಬಿಡಿ.

ಅಂಥ ಶಾಲೆಗೆ ರುದ್ರಾಣಿ ಮೇಡಂ ಹೆಡ್‌ಮೇಡಂ ಆಗಿ ಬೇರೆ ಊರಿನಿಂದ ವರ್ಗವಾಗಿ ಬಂದರು. ಬಂದ ವಾರವೇ ನನ್ನ ಕ್ಲಾಸಿಗೆ ಬಂದು ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು ನಿಮ್ಮ ಊರಿನ ಮರ ಬರೆಯಿರಿ ಎಂದರು. ಮಕ್ಕಳು ಬರೆದರು. ಎಲ್ಲರ ಹಾಳೆಯಲ್ಲೂ ಬೂದಿ ಬಣ್ಣದ ಮಚ್ಚೆ, ನೆಲದ ಮೇಲೆ ಚೆಲ್ಲಿದ ಹಾಗೆ. ಮೇಡಂ ತುಂಗಾ ಎಂಬ ಹುಡುಗಿಯ ಹಾಳೆ ಎತ್ತಿ ಹಿಡಿದರು.

“ಯಾಕಮ್ಮ, ಈ ಮರ ಬಿದ್ದೋಗಿದ್ಯಾ?”

“ಇಲ್ಲ ಮಿಸ್, ಮಲಗಿದೆ.”

“ಮರ ಮಲಗಿರುತ್ತಾ?”

ತುಂಗಾ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಮತ್ತೆ ನಿಂತ್ಕೊಂಡಿರುತ್ತಾ?”

ನಾನು ನಕ್ಕೆ. ಮೇಡಂ ನಗಲಿಲ್ಲ. ಪಾಠದ ಪುಸ್ತಕ ತೆಗೆದು ಅದರಲ್ಲಿದ್ದ ಮಾವಿನ ಮರ ತೋರಿಸಿದರು. ಅದು ಪುಸ್ತಕದ ಮರ, ನೀವು ಊರಿನ ಮರ ಬರೀರಿ ಅಂದ್ರಿ ಎಂದಳು ತುಂಗಾ. ತಪ್ಪೇನಿತ್ತು? ಆ ಹಾಳೆಗಳನ್ನು ಎದೆಗೆ ಒತ್ತಿಕೊಂಡು ಮೇಡಂ ಹೊರಟುಹೋದರು. ಸ್ಟಾಫ್ ರೂಮಲ್ಲಿ ಚಹಾ ಆರಿದರೂ ಕುಡಿಯದೆ ಕೂತಿದ್ದರಂತೆ.

ಅದಾದ ಮೇಲೆ ಇಂದುಧರ ಬಂದ. ಹಳೆ ಶಾಲೆಗಳನ್ನು ಸರಿ ಮಾಡಿಕೊಡುವ ಎಂಜಿನಿಯರ್, ಮೇಡಂಗೆ ಹಿಂದಿನ ಊರಿನ ಪರಿಚಯ. ಚಪ್ಪಲಿ ಬಿಟ್ಟು ಇಡೀ ಶಾಲೆ ಸುತ್ತಿದ. ಮಕ್ಕಳ ಜೊತೆ ನೆಲದ ಮೇಲೆ ಕೂತು ಅವರ ಕಣ್ಣಿಗೆ ಏನು ಕಾಣುತ್ತದೆ ಎಂದು ನೋಡಿದ. ಕಾಣುವುದಕ್ಕೆ ಏನಿತ್ತು? ಕಿಟಕಿಗಳೆಲ್ಲ ಆಳೆತ್ತರದಲ್ಲಿ, ಅದಕ್ಕೂ ತಗಡು ಹೊಡೆದದ್ದು, ಮಕ್ಕಳ ಗಮನ ಹೊರಗೆ ಹೋಗಬಾರದಲ್ಲ. ನಡುವೆ ಇದ್ದ ನನ್ನ ಕ್ಲಾಸಿಗಂತೂ ಕಿಟಕಿಯೇ ಇರಲಿಲ್ಲ, ದೇವಸ್ಥಾನದ ಗರ್ಭಗುಡಿಯ ಹಾಗೆ ಒಂದು ಬಾಗಿಲು, ಅಷ್ಟೇ.

“ಒಡೆದು ಹೊಸದು ಕಟ್ಟೋದು ಬೇಡ ಮೇಡಂ. ಇರೋದನ್ನೇ ಸ್ವಲ್ಪ ಬಿಚ್ಚೋಣ. ಕಿಟಕಿ ಮಕ್ಕಳ ಎತ್ತರಕ್ಕೆ ಇಳಿಸೋಣ. ಗಾಳಿ ಬರಲಿ, ಬೆಳಕು ಬರಲಿ, ಮಳೆ ನೀರು ಮಕ್ಕಳ ಮುಂದೆ ಹರಿದು ಹೋಗಲಿ. ನಡುವೆ ಮಾತ್ರ…” ಎಂದು ಜೇಬಿಂದ ಸೀಮೆಸುಣ್ಣ ತೆಗೆದು ನನ್ನ ಕುರ್ಚಿಯ ಸುತ್ತ ದುಂಡಗೆ ಗೀಟು ಎಳೆದ. “ನಡುವೆ ಮೇಲಿನ ಸೂರು ತೆಗೆದು ತೊಟ್ಟಿ ಮಾಡೋಣ, ಹಳೇ ತೊಟ್ಟಿಮನೆ ಇರ್ತಾವಲ್ಲ ಹಾಗೆ. ತೊಟ್ಟೀಲಿ ಒಂದು ಮರ. ಸುತ್ತ ಎಲ್ಲ ಕ್ಲಾಸಿನ ಕಿಟಕಿನೂ ಅದರ ಕಡೆಗೇ.”

ನಾನು ಕುರ್ಚಿಯಿಂದ ಏಳಲಿಲ್ಲ. “ಇಲ್ಲಿ ಆಗಲೇ ಒಂದು ಮರ ಇದೆಯಪ್ಪ” ಎಂದೆ.

“ನೆರಳಿದೆ ಮೇಡಂ” ಎಂದ ಅವನು. ಮೆತ್ತಗೇ ಅಂದ, ಆದರೂ ನನಗೆ ಮೈ ಉರಿಯಿತು.

ಪೋಷಕರ ಸಭೆ ಕರೆದರು. ಶಾಲಾ ಸಮಿತಿಯ ಅಧ್ಯಕ್ಷ ಕರಿಸಿದ್ದಪ್ಪ ಮೊದಲು ಎದ್ದು, ಟವೆಲು ಕೊಡವಿ, “ಕೈಲಿರೋ ರೊಟ್ಟಿ ಬಿಸಾಕಿ ಒಲೆ ಮೇಲಿಂದಕ್ಕೆ ಬಾಯಿ ಬಿಟ್ಕೊಂಡು ಕೂತ್ಕೋಬೇಕಾ? ಸಸಿ ಮರ ಆಗೋ ಹೊತ್ತಿಗೆ ಈ ಮಕ್ಕಳು ಮೀಸೆ ತಿರುವ್ತಿರ್ತಾವೆ. ಅಲ್ಲೀವರ್ಗೂ ಬಿಸಿಲಲ್ಲಿ ಬೇಯಬೇಕಾ?” ಎಂದ. ಎಲ್ಲರೂ ಹೌದು ಹೌದು ಎಂದರು. ತುಂಗಾಳ ಅಮ್ಮ ವನಜಾಕ್ಷಿ ನನ್ನ ಹಳೇ ಶಿಷ್ಯೆ, ಗೂಡಿನ ಜಾಗಕ್ಕೆ ಪಕ್ಕದವಳ ಜಡೆ ಹಿಡಿದು ಎಳೆದವಳು. “ನೆರಳು ಮಿಸ್‌ದು, ಮಿಸ್ ಏನಂತಾರೋ ಅದು” ಎಂದವಳೇ ನನ್ನ ಕಡೆ ತಿರುಗಿ, “ಅಲ್ಲಾ ಮಿಸ್, ಇನ್ನೂ ಮರಿ ಆಗ್ಲಿಲ್ವಾ?” ಎಂದಳು. ಇಡೀ ಸಭೆ ಗೊಳ್ಳೆಂದಿತು.

“ನಾನು ಕೊಡಲ್ಲ” ಎಂದೆ. “ನಾನು ಬದುಕಿರೋವರೆಗೆ ಅದು ನಮ್ಮಪ್ಪಂದು. ಆಮೇಲೆ ಏನಾದ್ರೂ ಮಾಡ್ಕೊಳ್ಳಿ.”

ರುದ್ರಾಣಿ ಮೇಡಂ ಒತ್ತಾಯ ಮಾಡಲಿಲ್ಲ. “ಆಯ್ತು ಸಾಕಮ್ಮನೋರೆ, ನಡುವಿನ ನಿಮ್ಮ ಕ್ಲಾಸು ಹಾಗೇ ಇರಲಿ. ಸುತ್ತ ಆಗೋದನ್ನ ಮಾಡ್ಕೋತೀವಿ” ಎಂದರು. ಆ ಹೆಂಗಸಿನ ಮೇಲೆ ಜಗಳ ಕಾಯಲೂ ಆಗುವುದಿಲ್ಲ, ಅದೇ ಕಷ್ಟ.

ಸುತ್ತ ಕೆಲಸ ಶುರುವಾಯಿತು. ತಗಡು ಕಿತ್ತರು, ಕಿಟಕಿಗಳನ್ನು ಮಕ್ಕಳ ಮೊಣಕಾಲಿಗೆ ಇಳಿಸಿ ಅಗಲವಾಗಿ ಕಟ್ಟೆ ಮಾಡಿದರು. ಈಗ ಅದರ ಮೇಲೇ ಕೂತು ಓದಬಹುದು. ಗೋಡೆಯ ಪೇಂಟು ಕೆರೆದು ಕೆಮ್ಮಣ್ಣು ಬಳಿದರು. ವರಾಂಡದ ಪಕ್ಕ ಸಣ್ಣ ಕಾಲುವೆ ತೋಡಿ ಸೂರಿನ ನೀರೆಲ್ಲ ಅದರಲ್ಲಿ ಹರಿದು ಒಂದು ಕೊಳಕ್ಕೆ ಬೀಳುವ ಹಾಗೆ ಮಾಡಿದರು. ಬಡಗಣ ಗೋಡೆಯ ಕಡೆ ಯಾವ ಹಳೆ ನೆರಳೂ ಇರಲಿಲ್ಲ, ಅಲ್ಲಿ ಸೂಜಿಮಲ್ಲಿಗೆ ಬಳ್ಳಿ ಹಬ್ಬಿಸಿದರು. ಎಲ್ಲಿದ್ದವೋ, ಚಿಟ್ಟೆ ಬಂದವು. ನನ್ನ ಕ್ಲಾಸಿನ ಮಕ್ಕಳಿಗೆ ಇದ್ದಕ್ಕಿದ್ದಂತೆ ಬಾಯಾರಿಕೆ ಹೆಚ್ಚಾಯಿತು. ನೀರು ಕುಡಿದು ಬರ್ತೀನಿ ಮಿಸ್ ಎಂದು ಹೋದವರು ವಾಪಸು ಬರುವುದಿಲ್ಲ. ಒಂದು ದಿನ ಬೆತ್ತ ಹಿಡಿದು ಹುಡುಕಿಕೊಂಡು ಹೋದರೆ ಎಲ್ಲವೂ ಎರಡನೇ ಕ್ಲಾಸಿನ ಕಿಟಕಿಕಟ್ಟೆಯ ಮೇಲೆ ಮೂಗು ಊರಿಕೊಂಡು ಕೂತಿವೆ. ಬಳ್ಳಿಯ ಮೇಲೊಂದು ಕಂಬಳಿಹುಳ ಎಲೆ ತಿನ್ನುತ್ತಿತ್ತು. ನಾನೂ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಬೆತ್ತ ಇದೆಯಲ್ಲ ಎಂದು ನೆನಪಾಗಿ ಗದರಿಸಿದೆ.

ತುಂಗಾ ಮಾತ್ರ ಎಲ್ಲೂ ಹೋಗುತ್ತಿರಲಿಲ್ಲ. ಪರೀಕ್ಷೆ ಮುಗಿದು ವರ್ಷದ ಕೊನೆಯಲ್ಲಿ ಅವಳಿಗೆ ಗೂಡಿನ ಜಾಗದ ಸರತಿ ಬಂದಿತ್ತು. ಬಿಸಿಯೂಟದ ತಟ್ಟೆಯಿಂದ ನಾಲ್ಕು ಅಗುಳು ತೆಗೆದು ಗೂಡಿನ ನೆರಳಿನ ಮೇಲೆ ಇಡುವಳು. ಸಂಜೆ ಗುಡಿಸುವಾಗ ಅದು ಕಸದ ಜೊತೆ ಹೋಗುತ್ತಿತ್ತು. ಮಾರನೇ ದಿನ ಗೂಡಿನ ಜಾಗ ಖಾಲಿ ಇದ್ದದ್ದು ಕಂಡು, ಯಾರೋ ತಿಂದರೆಂದು ಅವಳಿಗೆ ಸಂತೋಷ. ಶಾಲೆಗೆ ರಜ ಕೊಡುವ ಮುಂಚಿನ ದಿನ ಎಲ್ಲರೂ ಕೊಳದ ಹತ್ತಿರ ಓಡಿದ್ದರು, ಒಳಗೆ ನಾವಿಬ್ಬರೇ.

“ಮಿಸ್, ರಜದಲ್ಲಿ ಮರಿ ಬಂದ್ರೆ ಅನ್ನ ಯಾರು ಹಾಕ್ತಾರೆ?”

ನಾಳೆ, ನಾಳಿದ್ದು, ಅದೇನೋ ಒಂದು ಹೇಳಲು ಬಾಯಿ ತೆರೆದೆ. ಮಗು ಅಗುಳು ಹಿಡಿದುಕೊಂಡು ನನ್ನನ್ನೇ ನೋಡುತ್ತಿತ್ತು. ನನ್ನ ಕೈಲಿ ಆಗಲಿಲ್ಲ.

“ಬರಲ್ಲ ಕಂದ.”

“ನಮ್ಮಮ್ಮಂಗೆ ನಾಳೆ ಬರುತ್ತೆ ಅಂದಿದ್ರಂತೆ?”

“ಅಂದಿದ್ದೆ. ಅದು ನೆರಳು ಕಣೆ. ನೆರಳಲ್ಲಿ ಮೊಟ್ಟೆ ಒಡೆಯಲ್ಲ.”

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ಯೋಚನೆ ಮಾಡಿದಳು. “ನಿಂತಿರೋ ಮರದಲ್ಲಿ ಒಡೆಯುತ್ತಾ?”

“ಹೂಂ, ಒಡೆಯುತ್ತೆ.”

“ನೀವು ನೋಡಿದೀರಾ?”

“ನೋಡಿದೀನಿ. ನಮ್ಮಪ್ಪ ಹೆಗಲ ಮೇಲೆ ಹತ್ತಿಸ್ಕೊಂಡು ತೋರ್ಸಿದ್ದ” ಎಂದೆ.

ಅಂದ ಮೇಲೆ ನನಗೇ ಗೊತ್ತಾಯಿತು, ಆ ಮಾತನ್ನು ಅಷ್ಟು ವರ್ಷದಲ್ಲಿ ಒಂದು ಸಲವೂ ನೆನೆದಿರಲಿಲ್ಲ. ಅದೇ ನೆರಳಲ್ಲಿ ಕೂತು ಅಪ್ಪನನ್ನು ನೆನೆಯುತ್ತೇನೆ ಅಂದುಕೊಂಡಿದ್ದೆನಲ್ಲ, ನೆನೆಯುತ್ತಿದ್ದದ್ದು ಬರೇ ಅವನು ಇಲ್ಲ ಎಂಬುದನ್ನು. ಈಗ ಒಟ್ಟಿಗೇ ಎಲ್ಲ ಬಂತು. ಅಪ್ಪನ ಹೆಗಲು ಬೆವರಿ ಜಾರುತ್ತಿತ್ತು. ಅವನ ತಲೆಗೂದಲು ಹಿಡಿದುಕೊಂಡು ನಾನು ಕೊಂಬೆಗೆ ಇಣುಕಿದ್ದೆ. ಗೂಡಲ್ಲಿ ಕೆಂಪಗೆ ಬಾಯಿ ಬಿಟ್ಟ ಮರಿಗಳು. ತಾಯಿ ಕಾಗೆ ಬಂದು ಅಪ್ಪನ ತಲೆಗೆ ಕುಕ್ಕಿತು, ಅವನು ‘ಅಯ್ಯೋ ನಿನ್ನ’ ಎಂದು ನಗುತ್ತಾ ಓಡಿದ, ಹೊಂಗೆ ಹೂವು ತಲೆಯ ಮೇಲೆ ಉದುರಿತು. ಸೆರಗಿಂದ ಮುಖ ಮುಚ್ಚಿಕೊಂಡು ಅತ್ತೆ. ತುಂಗಾ ಬಂದು ತನ್ನ ಅಗುಳನ್ನು ನನ್ನ ಮೇಜಿನ ಮೇಲೆ ಇಟ್ಟಳು. ಅವಳಿಗೆ ಸಮಾಧಾನ ಮಾಡುವುದು ಅಷ್ಟೇ ಗೊತ್ತಿತ್ತು.

ಸಂಜೆ ರುದ್ರಾಣಿ ಮೇಡಂ ಹತ್ತಿರ ಹೋಗಿ, “ಇಂದುಧರನಿಗೆ ಫೋನ್ ಮಾಡಿ. ಕಟ್ಟೋನು ಚೆನ್ನಾಗಿ ಕಟ್ಟಬೇಕು, ಇಲ್ಲಾಂದ್ರೆ ನನ್ನ ಬಾಯಿ ಗೊತ್ತಲ್ಲ” ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಕುರ್ಚಿ ತೆಗೆದು ಅದರ ಕೆಳಗಿನ ಸಿಮೆಂಟನ್ನು ಉಳಿಯಲ್ಲಿ ಒಡೆದು ತೂತು ಮಾಡಿಕೊಟ್ಟರು. ಅಕ್ಕಂದಿರು ಬರಲಿಲ್ಲ, ಅಪ್ಪನ ಆಸ್ತಿ ನೀರಿಗೆ ಹಾಕ್ತಿದಾಳೆ ಎಂದು ಹೇಳಿ ಕಳಿಸಿದರು. ಊರಿನ ಕೆಲವರು ಬಾಗಿಲಲ್ಲಿ ನಿಂತಿದ್ದರು. ನಾನು ಚೊಂಬು ನೀರು ಹೊಯ್ದೆ. ಒಣ ಮಣ್ಣು ಗಟಗಟ ಕುಡಿಯಿತು. ‘ಹೋಗಿ ಬಾ’ ಅಂದೆ. ಏನೂ ಆಗಲಿಲ್ಲ. ನೆರಳು ಎಂದಿನಂತೆ ನೆಲದ ಮೇಲೆ ಸರಿದು, ಸಂಜೆ ಗೋಡೆ ಹತ್ತಿ, ಕತ್ತಲಲ್ಲಿ ಸೇರಿಹೋಯಿತು. ಮಾರನೇ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆಗೆದೆ. ನೆಲ ಖಾಲಿ ಇತ್ತು. ಕುರ್ಚಿ ಎಲ್ಲಿ ಹಾಕಬೇಕೋ ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ರಜದಲ್ಲಿ ಸೂರು ಕತ್ತರಿಸಿ ತೆಗೆದರು. ಸುತ್ತಲ ಕ್ಲಾಸುಗಳ ಒಳಗೋಡೆಗೆ ಕಿಟಕಿ ಬಂತು. ನೆಲ ಒಡೆದಾಗ ಹಳೆ ಬುಡ ಸಿಗುತ್ತದೆ ಅಂದುಕೊಂಡಿದ್ದೆ, ಸಿಗಲಿಲ್ಲ. ಅದು ಯಾವಾಗಲೋ ಕೊಳೆತು ಕಪ್ಪು ಮಣ್ಣಾಗಿತ್ತು. ಇಂದುಧರ ಒಂದು ಹಿಡಿ ತೆಗೆದು ಮೂಸಿ, “ಇದಕ್ಕಿಂತ ಒಳ್ಳೆ ಗೊಬ್ಬರ ಎಲ್ಲಿ ಸಿಗುತ್ತೆ ಮೇಡಂ” ಎಂದ. ರುದ್ರಾಣಿ ಮೇಡಂ ತಮ್ಮೂರಿಂದ ಹೊಂಗೆ ಸಸಿಯನ್ನು ಬಸ್ಸಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ನಾನು ನೆಟ್ಟೆ. ನನ್ನ ಮೊಣಕಾಲುದ್ದವೂ ಇರಲಿಲ್ಲ ಅದು.

ಶಾಲೆ ಶುರುವಾಯಿತು, ಮಳೆ ಮಾತ್ರ ಬರಲಿಲ್ಲ. ಆ ಬಿಸಿಲೋ, ದೇವರಿಗೇ ಪ್ರೀತಿ. ಬೆಳಕು ಬಂತು, ಗಾಳಿ ಬಂತು, ಜೊತೆಗೆ ಸೆಕೆಯೂ ಬಂತು. ಕರಿಸಿದ್ದಪ್ಪ ಕೊಡೆ ಹಿಡಿದುಕೊಂಡು ಬಂದು ತೊಟ್ಟಿಯ ನಡುವೆ ನಿಂತು, “ಎಲ್ಲಿ ನಿಮ್ಮ ಮರ? ಒಂದು ಕೋಳಿಗೂ ನೆರಳಿಲ್ಲವಲ್ರೀ” ಎಂದ. ಬೈದವರು ಬಹಳ. ಸಂತೆಯಲ್ಲಿ ನನ್ನ ಕಂಡು ಮುಖ ತಿರುಗಿಸಿದವರೂ ಇದ್ದರು. ನನಗೂ ಎಷ್ಟೋ ಸಲ, ಯಾಕಾದರೂ ಮಾಡಿದೆನೋ ಅನ್ನಿಸಿತು. ಕೊನೆಗೆ ವನಜಾಕ್ಷಿಯೇ ಒಂದು ಗಂಟು ಹಳೆ ಸೀರೆ ಹೊತ್ತು ತಂದಳು. “ಬೈಯೋದು ಆಮೇಲೆ ಬೈತೀನಿ ಮಿಸ್, ಮೊದ್ಲು ಇದನ್ನ ಕಟ್ಟಿಸಿ” ಎಂದಳು. ಬೇರೆ ತಾಯಂದಿರೂ ತಂದರು. ಸಸಿಗೆ ಬಿಸಿಲು ಬೀಳುವಷ್ಟು ನಡುವೆ ಜಾಗ ಬಿಟ್ಟು, ಸುತ್ತಲೂ ಸೀರೆ ಕಟ್ಟಿದೆವು. ಅದರ ಕೆಳಗೆ ತೊಟ್ಟಿಯ ಅಂಚಿನ ಜಗಲಿಯ ಮೇಲೆ ನನ್ನ ಒಂದನೇ ಕ್ಲಾಸು ನಡೆಯಿತು.

ಮಳೆಗಾಲ ಹೇಗೋ ಬಂದು ಹೋಗಿ, ದೀಪಾವಳಿ ಕಳೆದು ಮಕ್ಕಳು ವಾಪಸು ಬಂದ ದಿನ. ಸಸಿ ನನ್ನ ಸೊಂಟದವರೆಗೆ ಬಂದಿತ್ತು. ನಾನು ಹೊಸ ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತಿದ್ದೆ. ಎರಡನೇ ಕ್ಲಾಸಿನ ಕಿಟಕಿಯಿಂದ ತುಂಗಾ ತೊಟ್ಟಿಗೆ ಜಿಗಿದಳು.

“ಮಿಸ್, ಮರದ ನೆರಳು ಅಲ್ಲಾಡ್ತಿದೆ.”

ನನ್ನ ಮಕ್ಕಳು ಸ್ಲೇಟು ಬಿಟ್ಟು ಎದ್ದು ಹಿಂದೆ ಸರಿದರು. ನಮ್ಮೂರಲ್ಲಿ ಮರದ ನೆರಳು ಹೊತ್ತಿನ ಜೊತೆ ಸರಿಯುತ್ತದೆಯೇ ಹೊರತು ಅಲ್ಲಾಡುವುದಿಲ್ಲ. ಗಾಳಿ ಬಂದರೂ ಬಿರುಗಾಳಿ ಬಂದರೂ ಒಂದು ಎಲೆ ಮಿಸುಕುವುದಿಲ್ಲ. ಇದು ಸುಮ್ಮನೆ ಕೂರಲೇ ಇಲ್ಲ. ಅಂಗೈಯಗಲದ ನೆರಳು, ಅಷ್ಟಕ್ಕೇ ಆ ಕಡೆ ಈ ಕಡೆ ಕುಣಿಯುತ್ತಿತ್ತು. “ಇದಕ್ಕೆ ಏನಾಗಿದೆ ಮಿಸ್?” ಎಂದು ಒಬ್ಬ ಕೇಳಿದ. ಅಪ್ಪನ ಮರ ನಿಂತಿದ್ದಾಗ ಅದರ ನೆರಳೂ ಹೀಗೇ ಕುಣಿಯುತ್ತಿತ್ತು, ನಾನು ಮರೆತೇಬಿಟ್ಟಿದ್ದೆ.

ತುಂಗಾ ಕುಕ್ಕುರುಗಾಲಲ್ಲಿ ಕೂತು ಕೈ ಚಾಚಿದಳು. ಎಲೆಗಳ ನೆರಳು ಅವಳ ಅಂಗೈಗೆ ಬಂತು. ಮುಷ್ಟಿ ಕಟ್ಟಿದಳು, ಅದು ಮುಷ್ಟಿಯ ಮೇಲೆ ಬಂತು. ಕಿಲಕಿಲ ನಕ್ಕಳು. “ನೀವು ಹಿಡೀರಿ ಮಿಸ್.” ಮಂಡಿನೋವಿಗೆ ಕೂರಲು ಕಷ್ಟ, ಆದರೂ ಕೂತು ಅವಳ ಕೈಯ ಪಕ್ಕದಲ್ಲಿ ನನ್ನ ಕೈ ಇಟ್ಟೆ. ಒಬ್ಬೊಬ್ಬರಾಗಿ ಉಳಿದ ಮಕ್ಕಳೂ ಬಂದು ಕೈ ಇಟ್ಟರು. ಎಲ್ಲರಿಗೂ ಸಾಲುವಷ್ಟು ಇರಲಿಲ್ಲ ಅದು, ನೂಕಾಟ ಶುರುವಾಯಿತು.

“ಮಿಸ್, ಇದರಲ್ಲಿ ಗೂಡು ಯಾವಾಗ ಆಗುತ್ತೆ?” ತುಂಗಾ ಕೇಳಿದಳು.

ನಾಳೆ ಅನ್ನಲಿಲ್ಲ. “ತುಂಬಾ ದಿನ ಬೇಕು. ನೀನು ದೊಡ್ಡವಳಾಗಬೇಕು” ಎಂದೆ.

“ಆಗ ನೀವು ಇರ್ತೀರಾ?”

“ಇರಲ್ಲ ಅನ್ಸುತ್ತೆ ಕಣೆ.”

ಅವಳು ಸಸಿಯನ್ನು ನೋಡಿದಳು, ಒಂದನೇ ಕ್ಲಾಸಿನ ಪುಟ್ಟಪುಟ್ಟ ಮಕ್ಕಳನ್ನು ನೋಡಿದಳು. “ಪರವಾಗಿಲ್ಲ ಬಿಡಿ ಮಿಸ್. ಒಂದನೇ ಕ್ಲಾಸಿನವರನ್ನ ನಾನು ಹೆಗಲ ಮೇಲೆ ಹತ್ತಿಸ್ಕೊಂಡು ತೋರಿಸ್ತೀನಿ” ಎಂದಳು. ಅಷ್ಟರಲ್ಲಿ ಬೆಲ್ ಆಯಿತು. ಅವಳು ಕಿಟಕಿಕಟ್ಟೆ ಹತ್ತಿ ತನ್ನ ಕ್ಲಾಸಿಗೆ ಇಳಿದಳು.